ವಚನದಿಂದ ನಾಟಕಕ್ಕೆ: ಆಯ್ದಕ್ಕಿ ಲಕ್ಕಮ್ಮನವರ ನಿದರ್ಶನ

ಶರಣರ ವಚನಗಳು ಪಾರಾಯಣಕ್ಕೂ ಗಾಯನಕ್ಕೂ ಒದಗುವಂತೆಯೇ ಹೊಸ ನಾಟಕದ ರಚನೆಗೂ ಒದಗುತ್ತವೆ. ಆದರೆ ಪಾತ್ರಧಾರಿಗಳು ಒಬ್ಬರಾದ ಮೇಲೊಬ್ಬರು ಬಂದು ವಚನಗಳನ್ನು ಒಪ್ಪಿಸಿ ಹೋದ ಮಾತ್ರಕ್ಕೆ ಅದು ನಾಟಕವೆನಿಸದು. ವಚನವು ಯಾವ ಸನ್ನಿವೇಶಕ್ಕೆ ಸಲ್ಲುವ ನುಡಿಯೆಂಬುದನ್ನು ಅರಸುವುದೇ ನಾಟಕಕಾರನ ಮೊದಲ ಕೆಲಸ.

ಅನೇಕ ವಚನಗಳು ಸಂಭಾಷಣೆಯ ಒಂದು ಮಗ್ಗುಲು ಮಾತ್ರ. ನುಡಿದವರ ಮಾತು ಉಳಿದಿದೆ. ಅದಕ್ಕೆ ಮೊದಲು ನಡೆದ ಸಂಗತಿ, ಕೇಳಿದವರ ಮನಸ್ಸಿನ ತಳಮಳ ಇವು ಉಳಿದಿಲ್ಲ. ಇದನ್ನು ಚೆನ್ನಾಗಿ ಅರಿತವರು ಶೂನ್ಯಸಂಪಾದನೆಯ ಸಂಕಲನಕಾರರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿ ವಚನಗಳನ್ನು ಸಂವಾದರೂಪವಾಗಿ ಜೋಡಿಸಿ, ನಡುನಡುವೆ ತಮ್ಮ ಗದ್ಯವನ್ನು ಹೊಂದಿಸಿದರು. ನಮ್ಮ ಕಾಲಕ್ಕೆ ಸಮೀಪದಲ್ಲಿ ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಮೊದಲಾದ ನಾಟಕಗಳು ಕಲ್ಯಾಣದ ಇಡೀ ಇತಿಹಾಸವನ್ನೇ ವಸ್ತುವಾಗಿಸಿಕೊಂಡವು. ಅಷ್ಟು ವಿಸ್ತಾರವೇ ಬೇಕೆಂದಿಲ್ಲ. ಒಂದು ಗುಡಿಸಲು, ಇಬ್ಬರು ದಂಪತಿಗಳು, ಒಂದು ವಚನ ಸಾಕು.

ಆಯ್ದಕ್ಕಿ ಮಾರಯ್ಯನವರ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಅದನ್ನು ಕಂಡ ಲಕ್ಕಮ್ಮನವರು, ಈ ಆಸೆ ನಿಮಗೇಕೆಂದು ಕೇಳಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ನುಡಿದರು.

ಹೆಚ್ಚು ಅಕ್ಕಿಯನ್ನು ಅವರು ತಂದುದೇಕೆ? ನಾಟಕವು ಹುಟ್ಟುವುದು ಈ ಪ್ರಶ್ನೆಯಿಂದ. ಮಾರಯ್ಯನವರನ್ನು ದುರಾಸೆಯವರೆಂದು ಚಿತ್ರಿಸಿದರೆ ಬರವಣಿಗೆ ಸುಲಭವಾದೀತು; ಆದರೆ ಶರಣರಿಗೂ ವಚನಕ್ಕೂ ಅನ್ಯಾಯವಾಗುವುದು. ನಾಳೆಯ ದಾಸೋಹಕ್ಕೆ ಕೊರತೆಯಾಗದಿರಲೆಂಬ ಸದುದ್ದೇಶದಿಂದಲೇ ತಂದರೆಂದು ಕಲ್ಪಿಸಿದರೆ, ನೋಡುವ ಗೃಹಸ್ಥನು ಮೊದಲು ಮಾರಯ್ಯನವರ ಪಕ್ಷವನ್ನೇ ವಹಿಸುವನು. ಮೊರಕ್ಕೆ ಸುರಿಯಹೊರಟ ಕೈಯನ್ನು ಲಕ್ಕಮ್ಮನವರು ತಡೆದಾಗ ಆ ಮಾತು ಅವನಿಗೂ ತಾಗುವುದು. ನಾಳೆಗೆಂದು ಕೂಡಿಡುವ ಬಯಕೆಯು ಭಕ್ತಿಯ ವೇಷದಲ್ಲಿಯೂ ಬರಬಲ್ಲುದೆಂಬುದು ಆಗ ತಾನಾಗಿ ತಿಳಿಯುವುದು.

ವಚನವು ಮೊದಲೇ ಬರಲಾಗದು. ದಂಪತಿಗಳ ಸಾಮಾನ್ಯ ಮಾತುಗಳು ಇನ್ನು ಸಾಲವೆನಿಸಿದಾಗ ಅದು ಬರತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಾಟಕಕಾರನು ಸನ್ನಿವೇಶವನ್ನೂ ಸಂಭಾಷಣೆಯನ್ನೂ ಸ್ವತಂತ್ರವಾಗಿ ಕಲ್ಪಿಸಬಹುದು. ಶರಣರ ವಚನವನ್ನು ತಿದ್ದಕೂಡದು, ತನ್ನ ಮಾತಿಗೆ ಶರಣರ ಅಂಕಿತವನ್ನು ಹಚ್ಚಕೂಡದು. ಕಲ್ಪಿತವಾದುದು ಯಾವುದೆಂದು ಪ್ರಾರಂಭದಲ್ಲಿಯೇ ಸಭೆಗೆ ತಿಳಿಸುವುದು ಲೇಸು. ಇಲ್ಲದಿದ್ದರೆ ಇಂದಿನ ರಂಗದ ಮಾತು ನಾಳೆ ವಚನವೆಂದು ಬಾಯಿಂದ ಬಾಯಿಗೆ ಹರಡುವುದು.

ಕೊನೆಯಲ್ಲಿ ತಾತ್ಪರ್ಯವನ್ನು ಬೋಧಿಸುವ ಪಾತ್ರವೂ ಬೇಡ. ಮಾರಯ್ಯನವರು ಗಂಟನ್ನು ಹೊತ್ತು ಅಂಗಳಕ್ಕೆ ಮರಳುವುದೇ ತಾತ್ಪರ್ಯ. ಅದನ್ನು ಕಂಡವರು ಮನೆಗೆ ಹೋಗಿ ತಮ್ಮ ಕಣಜವನ್ನೊಮ್ಮೆ ನೋಡಿಕೊಂಡರೆ ನಾಟಕವು ಸಾರ್ಥಕವಾಯಿತು.