ಅಮೀನರು ತೋಟದ ಗೇಟಿಗೆ ಬಂದಾಗ: ಬೇರೆಯವರ ಡಿಕ್ರಿಗೆ ನಿಮ್ಮ ಜಾಗ ಸಿಕ್ಕಿಕೊಂಡರೆ ಏನು ಮಾಡಬೇಕು?

ಮೂಡಿಗೆರೆ, ಕಳಸದ ಕಡೆ ಒಂದೇ ಸರ್ವೆ ನಂಬರಿನಲ್ಲಿ ಮೂರ್ನಾಲ್ಕು ಮನೆಯವರ ಕಾಫಿ ತೋಟ ಇರುವುದು ಹೊಸದೇನಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹಿಸ್ಸೆ ಮಾಡಿಕೊಂಡಿರುತ್ತಾರೆ, ಪೋಡಿ ಆಗಿರುವುದಿಲ್ಲ. ಹೀಗಿರುವಾಗ ಯಾರೋ ಇಬ್ಬರು ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡುತ್ತಾರೆ. ಗೆದ್ದವರು ಸ್ವಾಧೀನದ ವಾರಂಟು ಹಿಡಿದು ಕೋರ್ಟಿನ ಅಮೀನರ ಜೊತೆ ಬರುತ್ತಾರೆ. ನೋಡಿದರೆ ವಾರಂಟಿನಲ್ಲಿರುವುದು ಆ ಕೇಸಿನಲ್ಲಿ ಹೆಸರೇ ಇಲ್ಲದ ಮೂರನೆಯವರ ತೋಟ!

ಆ ಮೂರನೆಯವರು ನೀವಾದರೆ ದಾರಿ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, 97ರಿಂದ 106ರವರೆಗಿನ ನಿಯಮಗಳು ಇದಕ್ಕೆಂದೇ ಇವೆ. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ: ತಡೆಯಬೇಕಾದದ್ದು ಕಾಗದದಿಂದ, ಜನ ಸೇರಿಸಿ ಅಲ್ಲ.

ಹಂತ 1: ಡಿಕ್ರಿ ನಿಮ್ಮನ್ನು ಕಟ್ಟಿಹಾಕುತ್ತದೆಯೇ ನೋಡಿ

ಅದೇ 21ನೇ ಆದೇಶದ 35ನೇ ನಿಯಮದ ಪ್ರಕಾರ ಅಮೀನರು ಹೊರಹಾಕಬಹುದಾದದ್ದು ಡಿಕ್ರಿಗೆ ಬದ್ಧರಾದವರನ್ನು ಮಾತ್ರ. ಬದ್ಧರು ಯಾರು? ಕೇಸು ಸೋತವರು, ಅವರ ಪರವಾಗಿ ಜಾಗದಲ್ಲಿರುವವರು, ಕೇಸು ನಡೆಯುವಾಗ ಅವರಿಂದ ಕೊಂಡವರು. ಸೋತ ಮಾಲೀಕರು ಇಟ್ಟ ರೈಟರಾಗಲಿ, ಅವರ ಕೆಲಸದ ಮೇಲೆ ಲೈನ್ ಮನೆಯಲ್ಲಿರುವವರಾಗಲಿ, ಅಷ್ಟರಿಂದಲೇ ಪ್ರತ್ಯೇಕ ಹಕ್ಕು ಹೇಳಲು ಬರುವುದಿಲ್ಲ.

ಇಲ್ಲಿ ತಾರೀಖೇ ಮುಖ್ಯ. ಕೇಸು 2015ರಲ್ಲಿ ದಾಖಲಾಗಿದೆ ಎಂದುಕೊಳ್ಳಿ. ನಿಮ್ಮ ನೋಂದಾಯಿತ ಕ್ರಯಪತ್ರ 2012ರದ್ದಾದರೆ ನಿಮ್ಮ ಮಾತಿಗೆ ಬಲವಿದೆ. 2018ರಲ್ಲಿ ಸೋತವರಿಂದಲೇ ಕೊಂಡಿದ್ದರೆ 102ನೇ ನಿಯಮ ನಿಮ್ಮ ಬಾಗಿಲು ಮುಚ್ಚುತ್ತದೆ. ಕೇಸಿನ ವಿಷಯ ಗೊತ್ತಿರಲಿಲ್ಲ ಎಂದರೂ ನಡೆಯದು. ಉಷಾ ಸಿನ್ಹಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ನೀವು ಡಿಕ್ರಿಗೆ ಬದ್ಧರಲ್ಲದ ಬಾಡಿಗೆದಾರರಾಗಿದ್ದರೆ 36ನೇ ನಿಯಮ ಅನ್ವಯಿಸುತ್ತದೆ. ನಿಮ್ಮನ್ನು ಎಬ್ಬಿಸುವಂತಿಲ್ಲ. ವಾರಂಟಿನ ಪ್ರತಿಯನ್ನು ಜಾಗದಲ್ಲಿ ಅಂಟಿಸಿ, ತಮಟೆ ಹೊಡೆಸಿ ಸಾರಿದರೆ ಸಾಂಕೇತಿಕ ಸ್ವಾಧೀನ ಕೊಟ್ಟಂತೆ.

ಹಂತ 2: ವಾರಂಟನ್ನು ಪೂರ್ತಿ ಓದಿ

ಅಮೀನರಿಂದ ವಾರಂಟು ಕೇಳಿ ಪಡೆದು ಓದಿ. ಕೇಸಿನ ನಂಬರು, ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ಚೆಕ್ಕುಬಂದಿ ಬರೆದುಕೊಳ್ಳಿ. ಎಷ್ಟೋ ಸಲ ತಕರಾರಿನ ಮೂಲ ಚೆಕ್ಕುಬಂದಿಯಲ್ಲೇ ಇರುತ್ತದೆ. ವಾರಂಟಿನಲ್ಲಿ ಪೂರ್ವಕ್ಕೆ ಹಳ್ಳ ಎಂದಿದ್ದು, ನಿಮ್ಮ ತೋಟದ ಪೂರ್ವಕ್ಕೆ ರಸ್ತೆ ಇದ್ದರೆ ಅದೇ ನಿಮ್ಮ ಮೊದಲ ಅಂಶ. ಕೇಸಿನ ನಂಬರು ಸಿಕ್ಕರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅದರ ಸ್ಥಿತಿಗತಿ ನೋಡಬಹುದು.

ಹಂತ 3: ಸ್ಥಳದಲ್ಲೇ ತಕರಾರು ದಾಖಲಿಸಿ

ಅಮೀನರಿಗೆ ಮರ್ಯಾದೆಯಿಂದಲೇ ಹೇಳಿ: “ನಾನು ಈ ಕೇಸಿನಲ್ಲಿ ಪಾರ್ಟಿ ಅಲ್ಲ, ಜಾಗ ನನ್ನ ಸ್ವಂತ ಹಕ್ಕಿನದು.” ಅದನ್ನೇ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ದಾಖಲೆಯ ನಕಲಿನೊಂದಿಗೆ ಕೊಡಿ. ಮಹಜರಿನಲ್ಲಿ ನಿಮ್ಮ ತಕರಾರು ಬಂದಿದೆಯೇ ಎಂದು ಓದಿ ನೋಡದೆ ಸಹಿ ಹಾಕಬೇಡಿ. ಹಕ್ಕು ಯಾರದೆಂದು ತೀರ್ಮಾನಿಸುವ ಅಧಿಕಾರ ಅಮೀನರಿಗಿಲ್ಲ. ನಡೆದದ್ದನ್ನು ಕೋರ್ಟಿಗೆ ವರದಿ ಮಾಡುವುದು ಅವರ ಕೆಲಸ.

ಗೇಟಿಗೆ ಅಡ್ಡ ಜೀಪು ನಿಲ್ಲಿಸುವುದು, ಆಳುಗಳನ್ನು ಮುಂದೆ ಬಿಡುವುದು ಬೇಡ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕ್ರಿಮಿನಲ್ ಕೇಸು ಮೈಮೇಲೆ ಬಂದರೆ ನಿಜವಾದ ಹಕ್ಕೂ ಹಿಂದೆ ಸರಿಯುತ್ತದೆ.

ಹಂತ 4: ದಾಖಲೆ ಜೋಡಿಸಿ

* ಕ್ರಯಪತ್ರ, ವಿಭಾಗಪತ್ರ ಅಥವಾ ಮಂಜೂರಾತಿ ಆದೇಶ
* ಕೇಸು ಹಾಕುವುದಕ್ಕಿಂತ ಹಿಂದಿನಿಂದ ಇಂದಿನವರೆಗಿನ ಇಸಿ (ಋಣಭಾರ ಪ್ರಮಾಣಪತ್ರ)
* ಆ ಅವಧಿಯ ಪಹಣಿಗಳು ಮತ್ತು ಮ್ಯುಟೇಷನ್
* ಸರ್ವೆ ನಕ್ಷೆ
* ಕಾಫಿ ಬೋರ್ಡಿನ ನೋಂದಣಿ, ಕಾಫಿ ಮಾರಿದ ಬಿಲ್ಲು, ಬೆಳೆ ಸಾಲದ ಕಾಗದ, ಕರೆಂಟ್ ಬಿಲ್ಲು

ಪಹಣಿಯೊಂದೇ ಮಾಲೀಕತ್ವ ಕೊಡುವುದಿಲ್ಲ. ಆದರೆ ಅದು ಕ್ರಯಪತ್ರಕ್ಕೆ ಹೊಂದಿಕೊಂಡು, ವರ್ಷ ವರ್ಷದ ಕಾಫಿ ಬಿಲ್ಲುಗಳೂ ಜೊತೆಗಿದ್ದರೆ ಅನುಭವದಲ್ಲಿರುವವರು ಯಾರೆಂದು ತೋರಿಸುವುದು ಸುಲಭ.

ಹಂತ 5: ಅದೇ ಕೋರ್ಟಿಗೆ ಹೋಗಿ

ಹೊಸಬರು ಎಡವುವುದು ಇಲ್ಲೇ. ಬೇರೆ ದಾವೆ ಹಾಕಿ ತಡೆಯಾಜ್ಞೆ ತರೋಣ ಎಂದು ಹೊರಡುತ್ತಾರೆ. 1976ರ ತಿದ್ದುಪಡಿಯ ನಂತರ ಆ ದಾರಿ ಇಲ್ಲ. 101ನೇ ನಿಯಮದಂತೆ ಹಕ್ಕು, ಮಾಲೀಕತ್ವದ ಪ್ರಶ್ನೆಗಳನ್ನೆಲ್ಲ ಡಿಕ್ರಿ ಜಾರಿ ಮಾಡುವ ಕೋರ್ಟೇ ತೀರ್ಮಾನಿಸಬೇಕು, ಪ್ರತ್ಯೇಕ ದಾವೆಯಲ್ಲಿ ಅಲ್ಲ. ಆದರೆ ಜಾರಿ ಪ್ರಕರಣಕ್ಕೆ ಮೊದಲೇ ನಿಮ್ಮ ದಾವೆ ಬಾಕಿ ಇದ್ದರೆ, ಈ ಕೋರ್ಟಿನ ಆದೇಶ ಆ ದಾವೆಯ ಫಲಿತಾಂಶಕ್ಕೆ ಒಳಪಡುತ್ತದೆ (104ನೇ ನಿಯಮ).

ವಾರಂಟು ಮೂಡಿಗೆರೆ ಕೋರ್ಟಿನದಾದರೆ ಅಲ್ಲೇ, ಚಿಕ್ಕಮಗಳೂರಿನದಾದರೆ ಅಲ್ಲೇ, ಅದೇ ಜಾರಿ ಪ್ರಕರಣದಲ್ಲಿ ವಕೀಲರ ಮೂಲಕ ಅರ್ಜಿ ಹಾಕಿ. ತೀರ್ಮಾನವಾಗುವವರೆಗೆ ವಾರಂಟು ತಡೆಹಿಡಿಯುವಂತೆಯೂ ಕೇಳಿ. ಮೊದಲು ಜಾಗ ಬಿಟ್ಟು ಆಮೇಲೆ ಬನ್ನಿ ಎನ್ನುವಂತಿಲ್ಲ. ಬ್ರಹ್ಮದೇವ ಚೌಧರಿ (1997) ಮತ್ತು ಶ್ರೀನಾಥ್ (1998) ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನದಲ್ಲಿರುವ ಮೂರನೆಯವರ ತಕರಾರನ್ನು ಹೊರಹಾಕುವ ಮೊದಲೇ ಕೇಳಬೇಕೆಂದು ಹೇಳಿದೆ.

ಹಂತ 6: ಈಗಾಗಲೇ ಹೊರಹಾಕಿದ್ದರೆ 30 ದಿನ ಮೀರಬೇಡಿ

ಆಗ 99ನೇ ನಿಯಮದಡಿ ಅರ್ಜಿ. ಹೊರಹಾಕಿದ ದಿನದಿಂದ 30 ದಿನ ಮಾತ್ರ ಗಡುವು. ಬೇರೆ ಅರ್ಜಿಗಳಲ್ಲಿ ತಡವಾದರೆ ಕಾಲಮಿತಿ ಕಾಯಿದೆಯ 5ನೇ ಸೆಕ್ಷನ್ನಿನಡಿ ಮನ್ನಾ ಕೇಳಬಹುದು. 21ನೇ ಆದೇಶದ ಅರ್ಜಿಗಳಿಗೆ ಆ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಹಬ್ಬ ಕಳೆಯಲಿ, ಕುಯ್ಲು ಮುಗಿಯಲಿ ಎಂದು ಕಾಯಬೇಡಿ. ಗಿಡದಲ್ಲಿ ಹಣ್ಣು ನಿಂತಿದ್ದರೆ ಫಸಲಿನ ಲೆಕ್ಕ ಇಡಲು ಕಮಿಷನರ್ ಅಥವಾ ರಿಸೀವರ್ ನೇಮಿಸುವಂತೆ ಅದೇ ಕೋರ್ಟನ್ನು ಕೇಳಿ.

ಹಂತ 7: ವಿಚಾರಣೆಗೆ ತಪ್ಪಿಸಬೇಡಿ

ನೀವು ಗೈರಾದರೆ ಅರ್ಜಿ ವಜಾ ಆಗಬಹುದು. ಅದನ್ನು ರದ್ದುಪಡಿಸಲು ಕೇಳುವುದಕ್ಕೂ 30 ದಿನದ ಗಡುವಿದೆ. ಪ್ರತಿ ತಕರಾರಿಗೂ ಉದ್ದದ ಸಾಕ್ಷಿ ವಿಚಾರಣೆ ನಡೆಯುತ್ತದೆ ಎಂದೇನಿಲ್ಲ. ದಾಖಲೆ ನೋಡಿಯೇ ಕೋರ್ಟು ತೀರ್ಮಾನಿಸಬಹುದು ಎಂದು ಸಿಲ್ವರ್‌ಲೈನ್ ಫೋರಂ ಪ್ರಕರಣ (1998) ಹೇಳುತ್ತದೆ. ಬರುವ ಆದೇಶಕ್ಕೆ ಡಿಕ್ರಿಯಷ್ಟೇ ಬಲ. ಮೇಲ್ಮನವಿಗೂ ಅವಕಾಶವಿದೆ. ಆದರೆ ಸೋತವರ ಕುಮ್ಮಕ್ಕಿನಿಂದ ಸುಮ್ಮನೆ ಅಡ್ಡ ಬಂದವರು, ಆದೇಶದ ಮೇಲೂ ತಡೆದರೆ 30 ದಿನಗಳವರೆಗೆ ಸಿವಿಲ್ ಜೈಲು ಕಾಣಬೇಕಾದೀತು.

ಗೆದ್ದವರಿಗೂ ಎರಡು ಮಾತು

ನೀವು ಡಿಕ್ರಿದಾರರಾಗಿದ್ದು ಮೂರನೆಯವರು ಅಡ್ಡ ಬಂದರೆ, ನೇರವಾಗಿ ಪೊಲೀಸ್ ರಕ್ಷಣೆ ಕೇಳಿ ಮುಗಿಸಲಾಗದು. ಅಡ್ಡಿಯಾದ ದಿನದಿಂದ 30 ದಿನದೊಳಗೆ 97ನೇ ನಿಯಮದ ಅರ್ಜಿ ಹಾಕಿ. ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಿಂದ ಹುಟ್ಟಿದ ರಾಹುಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 22ರಂದು ಎಲ್ಲ ಕೋರ್ಟುಗಳಿಗೂ ನಿರ್ದೇಶನ ಕೊಟ್ಟಿದೆ: ಸ್ವಾಧೀನದ ದಾವೆಗಳಲ್ಲಿ ಮೂರನೆಯವರ ಹಕ್ಕು ಇದೆಯೇ ಎಂದು ಮೊದಲೇ ವಿಚಾರಿಸಬೇಕು, ಜಾರಿ ಅರ್ಜಿಯನ್ನು 6 ತಿಂಗಳೊಳಗೆ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು.

ಬ್ಯಾಂಕಿನವರು ಬಂದರೆ ದಾರಿ ಬೇರೆ

ಸಾಲ ವಸೂಲಿಗೆ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಡಿ ಸ್ವಾಧೀನಕ್ಕೆ ಬಂದಿದ್ದರೆ ಮೇಲಿನ ಹಂತಗಳು ಅನ್ವಯಿಸುವುದಿಲ್ಲ. ಅದಕ್ಕೆ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬೇಕು. ಹಾಗಾಗಿ ಬಂದ ಕಾಗದ ಕೋರ್ಟಿನದೋ ಬ್ಯಾಂಕಿನದೋ ಎಂದು ಮೊದಲು ನೋಡಿ.

ವಕೀಲರ ಖರ್ಚು ಭಾರವಾದರೆ ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಇಷ್ಟೆಲ್ಲ ಓಡಾಟ ತಪ್ಪಿಸಬೇಕೆಂದರೆ ಬಾಯಿಮಾತಿನ ಹಿಸ್ಸೆಯನ್ನು ನೋಂದಾಯಿತ ವಿಭಾಗಪತ್ರ ಮಾಡಿಸಿ, ಪೋಡಿ ಮಾಡಿಸಿ, ಜಾಗ ಕೊಳ್ಳುವ ಮೊದಲು ಇಸಿಯ ಜೊತೆ ಕೋರ್ಟಿನಲ್ಲಿ ಕೇಸು ಇದೆಯೇ ಎಂದೂ ವಿಚಾರಿಸಿ. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.