ಹುಳಿ ಮಣ್ಣಿನ ಅಲ್ಯೂಮಿನಿಯಂ ಮತ್ತು ದ್ವಿದಳ ಮೇವಿನ ಬೆಳೆಗಳು

ಕರಾವಳಿ ಹಾಗೂ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕುದುರೆ ಮೆಂತೆ ಬಿತ್ತಿದಾಗ ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಕೆಲವು ವಾರಗಳಾದ ಮೇಲೆ ಬೆಳವಣಿಗೆ ಕುಂಠಿತವಾಗಿ, ಗಿಡ ಗಿಡ್ಡವಾಗಿಯೇ ಉಳಿಯುವುದುಂಟು. ಇದನ್ನು ರಂಜಕದ ಕೊರತೆಯೆಂದು ತಿಳಿದು ಸೂಪರ್ ಫಾಸ್ಫೇಟ್ ಹಾಕಲಾಗುತ್ತದೆ. ಫಲ ಕಾಣದಿದ್ದರೆ ಇನ್ನಷ್ಟು ಹಾಕುತ್ತಾರೆ, ಇಲ್ಲವೇ ಬೀಜ ಕೊಟ್ಟವರನ್ನು ದೂರುತ್ತಾರೆ. ಹಣ ಸುರಿಯುವ ಮೊದಲು ಗಿಡವೊಂದನ್ನು ಬೇರುಸಹಿತ ಅಗೆದು ನೋಡುವುದು ಮೇಲು.

ಬೇರು ಬೆಳ್ಳಗೆ ನೀಳವಾಗಿರದೆ, ಕಂದು ಬಣ್ಣಕ್ಕೆ ತಿರುಗಿ, ತುದಿ ದಪ್ಪವಾಗಿ ಮೊಂಡಾಗಿದ್ದರೆ, ಸಣ್ಣ ಕವಲುಗಳಿಲ್ಲದೆ ಮುಟ್ಟಿದರೆ ಮುರಿಯುವಂತಿದ್ದರೆ, ಅಲ್ಯೂಮಿನಿಯಂ ನಂಜನ್ನು ಶಂಕಿಸಬೇಕು.

ಅಲ್ಯೂಮಿನಿಯಂ ಎಲ್ಲ ಜೇಡಿಯಲ್ಲೂ ಇದೆ. ಮಣ್ಣಿನ ರಸಸಾರ 5.5ಕ್ಕಿಂತ ಮೇಲಿರುವವರೆಗೆ ಅದರಿಂದ ತೊಂದರೆಯಿಲ್ಲ. ಭಾರಿ ಮಳೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೊಚ್ಚಿಹೋಗಿ ರಸಸಾರ ಅದಕ್ಕಿಂತ ಇಳಿದಾಗ ಅಲ್ಯೂಮಿನಿಯಂ ಕರಗತೊಡಗುತ್ತದೆ. 5ಕ್ಕಿಂತ ಕೆಳಗೆ ಹಾನಿ ತೀವ್ರವಾಗುತ್ತದೆ. ಮೊದಲ ಪೆಟ್ಟು ಬೀಳುವುದು ಬೇರಿನ ತುದಿಗೆ. ರಂಜಕವು ಮಣ್ಣಿನಲ್ಲಿಯೂ ಬೇರಿನಲ್ಲಿಯೂ ಅಲ್ಯೂಮಿನಿಯಂನೊಡನೆ ಸೇರಿ ಗಟ್ಟಿಯಾಗುವುದರಿಂದ ಎಲೆಯವರೆಗೆ ಏರುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹೀರುವಿಕೆಯೂ ತಗ್ಗುತ್ತದೆ. ಗೊಬ್ಬರ ಹಾಕಿಯೂ ಗಿಡ ಹಸಿದಿರುವುದಕ್ಕೆ ಕಾರಣವಿದು.

ದ್ವಿದಳ ಬೆಳೆಗೆ ಇನ್ನೊಂದು ಕಷ್ಟವಿದೆ. ಹುಳಿ ಮಣ್ಣಿನಲ್ಲಿ ರೈಜೋಬಿಯಂ ಜೀವಾಣುಗಳು ಸೊರಗುತ್ತವೆ, ಬೇರುಗಂಟು ಕಟ್ಟುವುದು ಕಡಿಮೆ. ಕಟ್ಟಿದ ಗಂಟನ್ನು ಸೀಳಿದರೆ ಒಳಗೆ ಕೆಂಪು ಬಣ್ಣವಿಲ್ಲದಿದ್ದರೆ ಅದು ಸಾರಜನಕ ಸ್ಥಿರೀಕರಿಸುತ್ತಿಲ್ಲವೆಂದೇ ಅರ್ಥ. ಹಾಲಿನ ಹಸುವಿಗೆ ಪ್ರೋಟೀನ್ ಮತ್ತು ಸುಣ್ಣಾಂಶ ಸಿಗಲೆಂದು ಬೆಳೆದ ಮೇವಿನಲ್ಲಿ ಅವೇ ಕಡಿಮೆಯಾದರೆ ಆ ಮೇವು ಬೆಳೆದು ಏನು ಪ್ರಯೋಜನ?

ಸುಣ್ಣದ ಪ್ರಮಾಣವನ್ನು ಮಣ್ಣು ಪರೀಕ್ಷೆಯಿಂದಲೇ ನಿರ್ಧರಿಸಬೇಕು. ಅಮೆರಿಕದ ವಿಜ್ಞಾನಿ ಕ್ಯಾಂಪ್ರಾತ್ 1970ರಲ್ಲಿ ತಿಳಿಸಿದ ಲೆಕ್ಕದಂತೆ, 100 ಗ್ರಾಂ ಮಣ್ಣಿನಲ್ಲಿ ವಿನಿಮಯವಾಗಬಲ್ಲ ಅಲ್ಯೂಮಿನಿಯಂ 1 ಮಿಲಿ ಇಕ್ವಿವಲೆಂಟ್ ಇದ್ದರೆ, 15 ಸೆಂ.ಮೀ. ಆಳಕ್ಕೆ ಹೆಕ್ಟೇರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲಿನ ಪುಡಿ ಬೇಕಾಗುತ್ತದೆ. ಕುದುರೆ ಮೆಂತೆಯಂಥ ನಾಜೂಕಿನ ಬೆಳೆಗೆ ತುಸು ಹೆಚ್ಚು ಬೇಕು. ಶುದ್ಧವಾದ ಅರಳಿದ ಸುಣ್ಣವಾದರೆ ಮುಕ್ಕಾಲು ಪಾಲು ಸಾಕು. ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಿ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು. ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಒಟ್ಟಿಗೆ ಕಲಸಿ ಎರಚಬಾರದು.

ಸುಣ್ಣವು ಬೆರೆಸಿದ ಆಳಕ್ಕಿಂತ ಕೆಳಗೆ ಬೇಗ ಇಳಿಯುವುದಿಲ್ಲ. ಮೇಲ್ಮಣ್ಣು ಸರಿಯಾದರೂ ಕೆಳಮಣ್ಣು ಹುಳಿಯಾಗಿಯೇ ಇದ್ದರೆ ಬೇರು ಅಲ್ಲಿಯೇ ತಡೆದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬೆಳೆ ಬೇಗ ಬಾಡುತ್ತದೆ. ಇಂಥಲ್ಲಿ ಜಿಪ್ಸಂ ಸ್ವಲ್ಪ ನೆರವಾಗುತ್ತದೆ. ಕೊಟ್ಟಿಗೆ ಗೊಬ್ಬರವೂ ಕರಗಿದ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟು ನಂಜನ್ನು ತಗ್ಗಿಸುತ್ತದೆ.

ಸುಣ್ಣ ಸಾಗಿಸುವ ಖರ್ಚೇ ದುಬಾರಿಯಾಗುವ ಗುಡ್ಡದ ಇಳಿಜಾರಿನಲ್ಲಿ ಕುದುರೆ ಮೆಂತೆಯ ಆಸೆ ಬಿಡುವುದು ಲೇಸು. ಅದು ಬಯಲುಸೀಮೆಯ ಸುಣ್ಣಯುಕ್ತ, ನೀರು ಬಸಿಯುವ ಭೂಮಿಗೆ ಒಪ್ಪುವ ಬೆಳೆ. ದಕ್ಷಿಣ ಅಮೆರಿಕದ ಹುಳಿ ಮಣ್ಣಿನಿಂದ ಬಂದ ಸ್ಟೈಲೋ, ಅಲ್ಯೂಮಿನಿಯಂ ಅನ್ನು ಬಹುಮಟ್ಟಿಗೆ ಸಹಿಸುತ್ತದೆ. ಅಲಸಂದೆಯೂ ಸಾಕಷ್ಟು ತಾಳಿಕೊಳ್ಳುತ್ತದೆ. ಆದರೂ ಇವಕ್ಕೆ ರಂಜಕವೇ ಬೇಡವೆಂದಲ್ಲ. ಬಿತ್ತನೆ ಸಾಲಿನಲ್ಲಿ ಸ್ವಲ್ಪ ಕೊಟ್ಟರೆ ಮೇವು ಹೆಚ್ಚುತ್ತದೆ.