ಕೋಯಿ ಮಂಕಾಗಿದೆಯೇ? ಮದ್ದಿಗೆ ಮುಂಚೆ ನೀರು ನೋಡಿ

ಕೋಯಿ ಮೀನು ಮೇವು ಬಿಟ್ಟು ಮೂಲೆ ಸೇರಿತೆಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಓಡುವುದು ಅಕ್ವೇರಿಯಂ ಅಂಗಡಿಗೆ. ನೀಲಿ ಮದ್ದಿನ ಶೀಶೆ ತಂದು ತೊಟ್ಟಿಗೆ ನಾಲ್ಕಾರು ಹನಿ ಬಿಡುತ್ತಾರೆ, ನೀರು ನೀಲಿಯಾಗುತ್ತದೆ, ಚಿಕಿತ್ಸೆ ಮುಗಿಯಿತೆಂಬ ಸಮಾಧಾನ. ಆ ಮದ್ದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಅದು ಚೆನ್ನಾಗಿ ಕಾಯುತ್ತದೆ ನಿಜ. ಆದರೆ ಫಿಲ್ಟರಿನಲ್ಲಿ ನೆಲೆನಿಂತು ಮೀನಿನ ವಿಸರ್ಜನೆಯನ್ನು ಅರಗಿಸುವ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಮೊದಲೇ ನೀರು ಕೆಟ್ಟು ಸೊರಗಿದ ಮೀನಿಗೆ ಇನ್ನಷ್ಟು ಕೆಟ್ಟ ನೀರು ಸಿಕ್ಕಿದಂತಾಗುತ್ತದೆ. ಮನೆಯ ತೊಟ್ಟಿಯಲ್ಲಿ ಸಾಯುವ ಕೋಯಿಗಳಲ್ಲಿ ಬಹುಪಾಲು ರೋಗಾಣುವಿನಿಂದ ಸಾಯುವುದಲ್ಲ, ನೀರಿನಿಂದ ಸಾಯುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಾಣು ಬರುವುದು ಆಮೇಲೆ, ಬಾಗಿಲು ತೆರೆದಿದ್ದಾಗ.

ಕೋಯಿ ಬೇರೆ ಯಾವುದೋ ಲೋಕದ ಮೀನಲ್ಲ. ನಮ್ಮ ಕೆರೆ, ಕೃಷಿ ಹೊಂಡಗಳಿಗೆ ಬಿತ್ತನೆ ಮಾಡುವ ಸಾಮಾನ್ಯ ಗೆಂಡೆಯ ಬಣ್ಣದ ಬಳಗ ಅದು. ಜಪಾನಿನ ನೀಗಾಟ ಪ್ರಾಂತ್ಯದ ಗುಡ್ಡಗಾಡಿನ ಭತ್ತದ ರೈತರು ಊಟಕ್ಕೆಂದು ಸಾಕುತ್ತಿದ್ದ ಗೆಂಡೆಗಳಲ್ಲಿ ಬಣ್ಣ ಬಂದವನ್ನು ಆರಿಸಿ, 19ನೇ ಶತಮಾನದಲ್ಲಿ ತಳಿ ಕಟ್ಟಿದರು. 1914ರ ಟೋಕಿಯೊ ಪ್ರದರ್ಶನದ ನಂತರ ಅದು ನೀಗಾಟದ ಹೊರಗೂ ಹೆಸರಾಯಿತು. ಗೆಂಡೆಯ ಗುಣವೆಲ್ಲ ಇದಕ್ಕೂ ಇದೆ: ಸಿಕ್ಕಿದ್ದೆಲ್ಲ ತಿನ್ನುತ್ತದೆ, ತಿಂದಷ್ಟೂ ವಿಸರ್ಜಿಸುತ್ತದೆ, ಎರಡು ಅಡಿ ಮೀರಿ ಬೆಳೆಯುತ್ತದೆ. ಬೆರಳುದ್ದದ ಮರಿಗಳನ್ನು ನಾಲ್ಕಡಿ ಗಾಜಿನ ತೊಟ್ಟಿಗೆ ಹತ್ತು ಬಿಟ್ಟರೆ ಆರು ತಿಂಗಳಿಗೆಲ್ಲ ತೊಟ್ಟಿ ಕಿಕ್ಕಿರಿಯುತ್ತದೆ. ಬೆಳೆದ ಒಂದು ಕೋಯಿಗೆ ಸಾವಿರ ಲೀಟರ್ ನೀರು ಬೇಕೆಂದು ಅನುಭವಿ ಸಾಕಣೆದಾರರು ಲೆಕ್ಕ ಹಾಕುತ್ತಾರೆ. ಗಾಜಿನ ತೊಟ್ಟಿ ಮರಿಗಳಿಗೆ ಸರಿ, ಬೆಳೆದ ಮೀನಿಗೆ ಹಿತ್ತಲಿನ ಸಿಮೆಂಟ್ ತೊಟ್ಟಿಯೇ ಬೇಕು.

ಮೀನು ಏನು ಹೇಳುತ್ತಿದೆ?

ಎಲ್ಲ ಮೀನುಗಳೂ ಒಟ್ಟಿಗೆ ಮಂಕಾದವೋ ಅಥವಾ ಒಂದಾದ ಮೇಲೊಂದು ಬಿದ್ದವೋ ಎಂಬುದನ್ನು ಮೊದಲು ನೋಡಿ. ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಎಲ್ಲವೂ ಮೇಲಕ್ಕೆ ಬಂದು ಬಾಯಿ ಕಳೆಯುತ್ತಿದ್ದರೆ ಅದು ನೀರಿನ ತೊಂದರೆ. ಒಂದು ಮೀನು ಸೊರಗಿ, ನಾಲ್ಕು ದಿನ ಬಿಟ್ಟು ಇನ್ನೊಂದು ಸೊರಗಿದರೆ ಪರಾವಲಂಬಿ ಅಥವಾ ಸೋಂಕಿನ ಅನುಮಾನ ಪಡಿ.

ಬಾಯಿ ಕಳೆಯುವುದರಲ್ಲೂ ವ್ಯತ್ಯಾಸವಿದೆ. ಹಸಿರು ನೀರಿನ ಹೊರತೊಟ್ಟಿಯಲ್ಲಿ ಪಾಚಿ ರಾತ್ರಿಯೆಲ್ಲ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವದಲ್ಲಿ ಅದು ತೀರ ಕಡಿಮೆಯಾಗುತ್ತದೆ. ಬಿಸಿಲೇರಿದಂತೆ ಮೀನು ತಾನಾಗಿ ಕೆಳಗಿಳಿದರೆ ಮದ್ದು ಬೇಡ, ಏರ್ ಪಂಪ್ ಬೇಕು. ಮಧ್ಯಾಹ್ನವೂ ಮೇಲೇ ಇದ್ದು ಕಿವಿರನ್ನು ಬೇಗ ಬೇಗ ಬಡಿಯುತ್ತಿದ್ದರೆ ಅಮೋನಿಯಾ, ನೈಟ್ರೈಟ್ ಅಥವಾ ಕಿವಿರಿಗೆ ಹತ್ತಿದ ಹುಳ ಕಾರಣವಿರಬಹುದು. ಕಿವಿರಿನ ಮುಚ್ಚಳ ಮೆಲ್ಲಗೆ ಎತ್ತಿ ನೋಡಿ: ಆರೋಗ್ಯದ ಕಿವಿರು ಒಳ್ಳೆ ಕೆಂಪು, ನೈಟ್ರೈಟ್ ಏರಿದರೆ ಕಂದು, ಬಿಳಚಿಕೊಂಡು ಲೋಳೆ ಕಟ್ಟಿದ್ದರೆ ಹುಳ.

ತೊಟ್ಟಿಯ ಗೋಡೆಗೆ, ಕಲ್ಲಿಗೆ ಮೈ ಉಜ್ಜಿ ಮಿಂಚಿನಂತೆ ತಿರುಗುವ ಮೀನಿನ ಮೈಮೇಲೆ ಏನೋ ಹತ್ತಿದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನಿಂತಿದ್ದರೆ ಮೀನಿಗೆ ಏನೋ ತೊಂದರೆಯಿದೆ. ಕೊಹಾಕು ಎಂಬ ಬಿಳಿ-ಕೆಂಪು ಜಾತಿಯನ್ನು ಒಂದೆರಡಾದರೂ ಸಾಕಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಅದರ ಬಿಳಿ ಮೈಯಲ್ಲಿ ಮತ್ತು ಬಾಲದ ರೆಕ್ಕೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಗಳು ಹುಣ್ಣು ಏಳುವ ಎಷ್ಟೋ ದಿನ ಮುಂಚೆಯೇ ಕಾಣುತ್ತವೆ. ಕಪ್ಪು ಹೆಚ್ಚಿರುವ ಶೋವಾ ಎಂಬ ಜಾತಿಯಲ್ಲಿ ಅದೇ ಗೆರೆ ಕಣ್ಣಿಗೆ ಬೀಳುವುದಿಲ್ಲ.

ನೀರಿನ ಲೆಕ್ಕ

ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ ಅಳೆಯುವ ಹನಿ-ಪರೀಕ್ಷೆಯ ಕಿಟ್ ಒಂದು ಮನೆಯಲ್ಲಿರಲೇಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಪಿಎಚ್ 7ರಿಂದ 8.5ರ ನಡುವೆ ಎಲ್ಲಿದ್ದರೂ ಕೋಯಿ ಹೊಂದಿಕೊಳ್ಳುತ್ತದೆ, ದಿನಕ್ಕೊಂದು ಕಡೆ ಜಿಗಿದರೆ ಮಾತ್ರ ತಾಳುವುದಿಲ್ಲ.

ಬೆಂಗಳೂರು, ಕೋಲಾರ, ತುಮಕೂರಿನ ಕಡೆಯ ಬೋರ್‌ವೆಲ್ ನೀರು ಬಳಸುವವರು ಒಂದು ವಿಷಯ ಮರೆಯಬಾರದು. ಅಮೋನಿಯಾದ ವಿಷ ಪಿಎಚ್ ಏರಿದಂತೆ ಏರುತ್ತದೆ. ನೀರು 28 ಡಿಗ್ರಿ ಇದ್ದಾಗ ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ನೂರಕ್ಕೆ ಆರೂವರೆ ಭಾಗ, 9 ಆದರೆ ನಲವತ್ತು ಭಾಗ ದಾಟುತ್ತದೆ. ಕಿಟ್‌ನಲ್ಲಿ ಬಣ್ಣ ಅಷ್ಟೇ ಕಂಡರೂ ಮಲೆನಾಡಿನ ಮೆದು ನೀರಿನಲ್ಲಿ ಬದುಕುವ ಮೀನು ಕೋಲಾರದ ಗಡಸು ನೀರಿನಲ್ಲಿ ಸಾಯುವುದು ಇದರಿಂದಲೇ. ಹಸಿರು ನೀರಿನ ತೊಟ್ಟಿಯಲ್ಲಿ ಪಿಎಚ್ ಸಂಜೆಯ ಹೊತ್ತಿಗೆ ಏರಿರುತ್ತದೆ, ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕರ ಸುಮಾರಿಗೆ ಇನ್ನೊಮ್ಮೆ ಅಳೆಯಿರಿ. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣದ ಅಂಶ ಬಿಟ್ಟುಕೊಂಡು ಪಿಎಚ್ ವಿಪರೀತ ಏರುತ್ತದೆ. ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಹದ ಮಾಡದೆ ಮೀನು ಬಿಡಬೇಡಿ.

ಅಮೋನಿಯಾ ಕಂಡರೆ ಮಾಡಬೇಕಾದದ್ದು ಇಷ್ಟೇ: ಮೇವು ಪೂರ್ತಿ ನಿಲ್ಲಿಸಿ, ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ, ಗಾಳಿ ಹೆಚ್ಚಿಸಿ. ಕೋಯಿ ಒಂದು ವಾರ ಮೇವಿಲ್ಲದೆ ಇರಬಲ್ಲದು, ಹಸಿದು ಸಾಯುವುದಿಲ್ಲ. ನಲ್ಲಿ ನೀರಾದರೆ ಡ್ರಮ್ಮಿನಲ್ಲಿ ತುಂಬಿ ಒಂದು ದಿನ ಏರ್ ಸ್ಟೋನ್ ಹಾಕಿಟ್ಟು ಕ್ಲೋರಿನ್ ಹೋದ ಮೇಲೆ ಬಿಡಿ. ಬೋರ್ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದಕ್ಕೂ ಗಾಳಿ ಉಣಿಸಿಯೇ ಬಳಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಜಾಲಿಸಿದರೆ ಸಾಕು. ಹೊಸ ಫಿಲ್ಟರ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು, ಅದನ್ನು ಒಂದೇ ತೊಳೆತಕ್ಕೆ ಕಳೆದುಕೊಳ್ಳಬಾರದು. ಕರೆಂಟ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಖರ್ಚು ದಂಡವಲ್ಲ.

ಕಲ್ಲುಪ್ಪು: ಅಗ್ಗದ ಮದ್ದು, ಅಳತೆಯ ಮದ್ದು

ನೀರು ಸರಿಮಾಡಿದ ಮೇಲೂ ಮೀನು ಚೇತರಿಸದಿದ್ದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕಲ್ಲುಪ್ಪು. ಲೀಟರಿಗೆ 3 ಗ್ರಾಂನಂತೆ ಎರಡು ಮೂರು ವಾರ ಇಡಬಹುದು. ಮೈಮೇಲಿನ ಸೂಕ್ಷ್ಮ ಪರಾವಲಂಬಿಗಳಲ್ಲಿ ಹಲವನ್ನು ಅದು ತಡೆಯುತ್ತದೆ, ನೈಟ್ರೈಟ್ ರಕ್ತಕ್ಕೆ ಸೇರದಂತೆ ಕಾಯುತ್ತದೆ, ಹುಣ್ಣಾದ ಮೀನಿನ ಮೈಯೊಳಗೆ ನೀರು ನುಗ್ಗುವ ಹೊರೆಯನ್ನು ಇಳಿಸುತ್ತದೆ. ಆದರೆ ಹಿಡಿ ಲೆಕ್ಕದಲ್ಲಿ ಹಾಕುವಂತಿಲ್ಲ.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ನೀರಿರುವ ತೊಟ್ಟಿ ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ 255 ಲೀಟರ್. ಜಲ್ಲಿ, ಕಲ್ಲಿನ ಜಾಗ ಕಳೆದು 240 ಎಂದಿಟ್ಟುಕೊಳ್ಳೋಣ. ಬೇಕಾಗುವ ಉಪ್ಪು 720 ಗ್ರಾಂ. ಇದನ್ನು ಮೂರು ಪಾಲು ಮಾಡಿ, 240 ಗ್ರಾಂ ಬಕೆಟ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಿರಿ. ಹನ್ನೆರಡು ಗಂಟೆ ಬಿಟ್ಟು ಎರಡನೆಯ ಪಾಲು, ಮತ್ತೆ ಹನ್ನೆರಡು ಗಂಟೆಗೆ ಮೂರನೆಯದು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ನೀರಿಗೆ ಸಾದಾ ನೀರು ತುಂಬಿ, ತೆಗೆದು ಬದಲಿಸಿದ ನೀರಿಗೆ ಮಾತ್ರ ಉಪ್ಪು ಸೇರಿಸಿ: 60 ಲೀಟರ್ ಬದಲಿಸಿದರೆ 180 ಗ್ರಾಂ. ನೀರಿನ ಗಿಡಗಳನ್ನು ಮೊದಲೇ ತೆಗೆದಿಡಿ. ಫಿಲ್ಟರಿನಲ್ಲಿ ಜಿಯೋಲೈಟ್ ಕಲ್ಲಿದ್ದರೆ ಅದನ್ನೂ ತೆಗೆಯಿರಿ, ಉಪ್ಪು ತಾಗಿದರೆ ಅದು ಹೀರಿಟ್ಟುಕೊಂಡ ಅಮೋನಿಯಾವನ್ನು ಮರಳಿ ನೀರಿಗೆ ಬಿಡುತ್ತದೆ.

ಬಿಳಿ ಚುಕ್ಕೆ ರೋಗಕ್ಕೆ ಇದೇ ಉಪ್ಪು ಸಾಕಾಗುತ್ತದೆ, ಆದರೆ ತಾಳ್ಮೆ ಬೇಕು. ರವೆ ಕಾಳಿನಂತೆ ಮೈಮೇಲೆ ಕಾಣುವ ಚುಕ್ಕೆಯೊಳಗಿನ ಜೀವಿ ಚರ್ಮದ ಕೆಳಗೆ ಅಡಗಿರುತ್ತದೆ, ಯಾವ ಮದ್ದೂ ಅಲ್ಲಿಗೆ ತಲುಪದು. ಅದು ಬಲಿತು ಉದುರಿ, ತಳದಲ್ಲಿ ನೂರಾರು ಮರಿಯೊಡೆದು, ಆ ಮರಿಗಳು ಹೊಸ ಮೀನನ್ನು ಹುಡುಕಿ ಈಜುವಾಗ ಮಾತ್ರ ಸಾಯುತ್ತವೆ. ನೀರು 25 ಡಿಗ್ರಿ ಇದ್ದರೆ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, ಚಳಿಗಾಲದಲ್ಲಿ ಬಹಳ ನಿಧಾನ. ಮೂರನೇ ದಿನ ಚುಕ್ಕೆ ಕಾಣದಾದಾಗ ‘ಗುಣವಾಯಿತು’ ಎಂದು ನೀರು ಬದಲಿಸಿದವರ ತೊಟ್ಟಿಯಲ್ಲಿ ಅದು ಇಮ್ಮಡಿಯಾಗಿ ಮರಳುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಉಪ್ಪು ಇರಲಿ.

ಹುಳ, ಹೇನು, ಹುಣ್ಣು

ಮೀನು ಹೇನು ಚಪ್ಪಟೆಯಾಗಿ, ಅವರೆಬೇಳೆಗಿಂತ ಚಿಕ್ಕದಾಗಿ, ಮೈಮೇಲೆ ಹರಿದಾಡುತ್ತದೆ. ಆಂಕರ್ ವರ್ಮ್ ದಾರದ ತುಂಡಿನಂತೆ ಮೈಯಿಂದ ಹೊರಗೆ ಜೋತಿರುತ್ತದೆ, ಅದರ ತಲೆ ಮಾಂಸದೊಳಗೆ ಹೂತಿರುತ್ತದೆ. ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಕಣ್ಣಿಗೆ ಬಟ್ಟೆ ಮುಚ್ಚಿ, ಚಿಮಟದಿಂದ ಹುಳವನ್ನು ಬುಡದಲ್ಲೇ ಹಿಡಿದು ನಿಧಾನವಾಗಿ ಎಳೆಯಬೇಕು. ಬಂದ ಗಾಯಕ್ಕೆ ಹತ್ತಿಯ ಕಡ್ಡಿಯಿಂದ ಪೊವಿಡೋನ್ ಅಯೋಡಿನ್ ಹಚ್ಚಿ, ಕಿವಿರಿಗೂ ಕಣ್ಣಿಗೂ ತಾಗದಂತೆ ಎಚ್ಚರವಿರಲಿ. ಮೈಮೇಲಿನದನ್ನು ಕಿತ್ತರೆ ಕೆಲಸ ಮುಗಿಯದು. ಹೇನು ತೊಟ್ಟಿಯ ಗೋಡೆಗೆ ಮೊಟ್ಟೆಯಿಟ್ಟಿರುತ್ತದೆ, ಅವು ವಾರಗಳ ನಂತರ ಒಡೆಯುತ್ತವೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಲ್ಲಿ ತೊಟ್ಟಿಗೆ ಬಿಟ್ಟವರ ಕಥೆಗಳನ್ನು ಕೇಳಿದ್ದೇನೆ. ಡೆಲ್ಟಾಮೆಥ್ರಿನ್‌ನಂಥವು ಮೀನಿಗೆ ಕಡುವಿಷ, ದಯವಿಟ್ಟು ಅದನ್ನು ಮುಟ್ಟಬೇಡಿ. ಇದಕ್ಕೆ ಬೇಕಾದ ಮದ್ದನ್ನೂ ಪ್ರಮಾಣವನ್ನೂ ಮೀನು ರೋಗ ತಿಳಿದವರಿಂದ ಬರೆಸಿಕೊಳ್ಳಿ.

ಮೈ ಉಜ್ಜುತ್ತಿದ್ದರೂ ಕಣ್ಣಿಗೆ ಏನೂ ಕಾಣದಿದ್ದರೆ ಕಿವಿರಿನ, ಚರ್ಮದ ಚಪ್ಪಟೆ ಹುಳಗಳಿರಬಹುದು. ಇವು ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುತ್ತವೆ. ಪ್ರಾಜಿಕ್ವಾಂಟೆಲ್ ಲೀಟರಿಗೆ 2ರಿಂದ 5 ಮಿಲಿಗ್ರಾಂ ಪ್ರಮಾಣದಲ್ಲಿ ಒಳ್ಳೆಯ ಮದ್ದು. ಕಿವಿರಿನ ಹುಳ ಮೊಟ್ಟೆಯಿಡುವ ಜಾತಿಯದಾದ್ದರಿಂದ ಎರಡನೆಯ ಸುತ್ತು ಬೇಕೇ ಬೇಕು.

ಹುಣ್ಣು ಮತ್ತು ರೆಕ್ಕೆ ಕೊಳೆತಕ್ಕೆ ಹೆಚ್ಚಾಗಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಅದು ಎಲ್ಲ ತೊಟ್ಟಿಗಳಲ್ಲೂ ಇರುತ್ತದೆ, ಗಾಯ ಸಿಕ್ಕಾಗ ನುಗ್ಗುತ್ತದೆ. ಹುಣ್ಣಿಗೆ ಮೇಲೆ ಹೇಳಿದಂತೆ ಅಯೋಡಿನ್ ಹಚ್ಚಿ ಉಪ್ಪಿನ ನೀರಲ್ಲಿಟ್ಟರೆ ಸಣ್ಣವು ಮಾಯುತ್ತವೆ. ಹುಣ್ಣಿನ ಮೇಲೆ ಹತ್ತಿಯಂತೆ ಬೆಳೆಯುವ ಬೂಷ್ಟು ತಾನಾಗಿ ಬರುವ ರೋಗವಲ್ಲ, ಸತ್ತ ಚರ್ಮದ ಮೇಲೆ ಕೂತದ್ದು. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಉದುರಿಸುವುದರಿಂದ ಪ್ರಯೋಜನವಿಲ್ಲ. ನಮ್ಮ ಗಡಸು ನೀರಿನ ಕ್ಯಾಲ್ಸಿಯಂ ಆ ಮದ್ದನ್ನು ಹಿಡಿದುಕೊಂಡು ಮೀನಿಗೆ ಸೇರಗೊಡುವುದಿಲ್ಲ. ಆ್ಯಂಟಿಬಯೋಟಿಕ್ ಕೊಡಲೇಬೇಕಾದರೆ ಪಶುವೈದ್ಯರ ಚೀಟಿಯ ಮೇಲೆ, ಮೀನಿನ ತೂಕಕ್ಕೆ ತಕ್ಕಂತೆ ಮೇವಿನಲ್ಲಿ ಬೆರೆಸಿ, ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಹೊಟ್ಟೆ ಉಬ್ಬಿ, ಹುರುಪೆಗಳೆಲ್ಲ ನಿಗುರಿ ನಿಂತ ಮೀನು ಉಳಿಯುವುದು ಅಪರೂಪ. ಅದನ್ನು ಬೇರೆ ಮಾಡಿ, ಉಳಿದವನ್ನು ಕಾಪಾಡಿಕೊಳ್ಳಿ.

ಮದ್ದಿಲ್ಲದ ರೋಗ

ಕೋಯಿ ಹರ್ಪಿಸ್ ವೈರಸ್ 1998ರಲ್ಲಿ ಇಸ್ರೇಲಿನಲ್ಲಿ ಪತ್ತೆಯಾಯಿತು. 2003ರಲ್ಲಿ ಜಪಾನಿನ ಕಸುಮಿಗಔರ ಸರೋವರದಲ್ಲಿ ಸಾಕಿದ್ದ ಸಾವಿರ ಟನ್ನಿಗೂ ಹೆಚ್ಚು ಗೆಂಡೆ ಅದಕ್ಕೆ ಬಲಿಯಾದವು. ಕಿವಿರಿನಲ್ಲಿ ಕೆಂಪು-ಬಿಳಿ ಮಚ್ಚೆ, ಒಳಗಿಳಿದ ಕಣ್ಣು, ದಿನಕ್ಕೆ ಹಲವು ಸಾವು ಇದರ ಗುರುತು. ಕೋಯಿಗಳು ತಳದಲ್ಲಿ ಒರಗಿ ನಿದ್ರಿಸುವಂತೆ ಬಿದ್ದಿದ್ದರೆ ಅದು ಕಾರ್ಪ್ ಎಡಿಮಾ ವೈರಸ್ ಇರಬಹುದು. ಭಾರತದ ಕೋಯಿಗಳಲ್ಲಿ ಇದು ಇದೆಯೆಂದು 2016ರಲ್ಲಿ ವರದಿಯಾಗಿದೆ. ಇದಕ್ಕೆ ಲೀಟರಿಗೆ 5 ಗ್ರಾಂ ಉಪ್ಪು ಸಾವನ್ನು ತಗ್ಗಿಸುತ್ತದೆ. ಹರ್ಪಿಸ್‌ಗೆ ಮದ್ದೇ ಇಲ್ಲ. ಇರುವ ಒಂದೇ ದಾರಿ, ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ, ಬೇರೆ ಬಲೆ, ಬೇರೆ ಬಕೆಟ್ಟಿನೊಂದಿಗೆ ಇಟ್ಟು ನೋಡುವುದು.

ಅನುಮಾನ ಬಂದರೆ ಸತ್ತ ಮೀನನ್ನು ಪರೀಕ್ಷೆಗೆ ಒಯ್ಯಬೇಡಿ. ಸತ್ತ ಸ್ವಲ್ಪ ಹೊತ್ತಿಗೇ ಪರಾವಲಂಬಿಗಳು ಮೈಬಿಟ್ಟು ಹೋಗುತ್ತವೆ. ಕಾಯಿಲೆಯಿರುವ ಜೀವಂತ ಮೀನನ್ನು ಮೂರರಲ್ಲೊಂದು ಭಾಗ ನೀರು, ಉಳಿದದ್ದು ಆಮ್ಲಜನಕ ತುಂಬಿದ ಚೀಲದಲ್ಲಿ, ತಂಪು ಹೊತ್ತಿನಲ್ಲಿ ಒಯ್ಯಿರಿ. ತೊಟ್ಟಿಯ ನೀರನ್ನು ಬೇರೆ ಬಾಟಲಿಯಲ್ಲಿ ಕೊಡಿ. ಈವರೆಗೆ ಹಾಕಿದ ಮದ್ದುಗಳ ಹೆಸರನ್ನು ಮುಚ್ಚಿಡದೆ ಹೇಳಿ. ಎಲ್ಲಿಗೆ ಒಯ್ಯಬೇಕೆಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಲ್ಲಿ ಮೀನು ರೋಗ ಬಲ್ಲವರಿದ್ದಾರೆ.

ಕೊನೆಯದಾಗಿ ಕೃಷಿಕರಲ್ಲಿ ಒಂದು ಕೋರಿಕೆ. ಕಾಯಿಲೆ ಬಿದ್ದ ಕೋಯಿಯನ್ನು ಕೊಲ್ಲಲು ಮನಸ್ಸು ಬಾರದೆ ಕೆರೆಗೆ ಬಿಡುವವರಿದ್ದಾರೆ, ತೊಟ್ಟಿಯ ನೀರನ್ನು ಪಕ್ಕದ ಕೃಷಿ ಹೊಂಡಕ್ಕೆ ಹರಿಸುವವರೂ ಇದ್ದಾರೆ. ಈ ವೈರಸ್‌ಗಳು ಕಾಟ್ಲಾ, ರೋಹುಗಳನ್ನು ಕಾಡದೆ ಇರಬಹುದು, ಸಾಮಾನ್ಯ ಗೆಂಡೆಯನ್ನು ಬಿಡುವುದಿಲ್ಲ. ಆ ಗೆಂಡೆಯನ್ನು ನಂಬಿ ಕೆರೆ ಗುತ್ತಿಗೆ ಹಿಡಿದ ಮೀನುಗಾರರು, ಹೊಂಡಕ್ಕೆ ಮರಿ ಬಿಟ್ಟ ರೈತರು ನಿಮ್ಮ ಊರಲ್ಲೇ ಇದ್ದಾರೆ. ಸತ್ತ ಮೀನನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ತೊಟ್ಟಿಯ ನೀರನ್ನು ಬ್ಲೀಚಿಂಗ್ ಪುಡಿ ಬೆರೆಸಿ ಒಂದು ದಿನ ಬಿಟ್ಟು, ಕೆರೆ ಕಾಲುವೆಗೆ ಸೇರದ ಒಣ ಜಾಗದಲ್ಲಿ ಇಂಗಿಸಿ.